ಏರ್ ಚೀಫ್ ಮಾರ್ಷಲ್ ಹ್ಯೂ ಡೌಡಿಂಗ್ ಅವರ ವೃತ್ತಿಜೀವನ: ಪದೇ ಪದೇ ಕೇಳುವ ಪ್ರಶ್ನೆಗಳು

ಹ್ಯೂ ಡೌಡಿಂಗ್ ಯಾರು? ಅವರ ಹೆಸರನ್ನು ಇಂದಿಗೂ ಏಕೆ ನೆನೆಯುತ್ತಾರೆ?

ಬ್ರಿಟನ್ನಿನ ರಾಯಲ್ ಏರ್ ಫೋರ್ಸ್ ತನ್ನ ದೇಶದ ಆಕಾಶವನ್ನು ಕಾಯಲೆಂದು 1936ರ ಜುಲೈ 14ರಂದು ಫೈಟರ್ ಕಮಾಂಡ್ ಎಂಬ ಪ್ರತ್ಯೇಕ ದಳವನ್ನು ರಚಿಸಿದಾಗ ಅದರ ಮೊದಲ ಮುಖ್ಯಸ್ಥರಾದವರು ಹ್ಯೂ ಡೌಡಿಂಗ್. 1940ರ ಬೇಸಿಗೆಯಲ್ಲಿ ಜರ್ಮನಿಯ ವಾಯುಪಡೆ ಇಂಗ್ಲೆಂಡಿನ ಮೇಲೆ ಮುಗಿಬಿದ್ದು, ಮುಂದಿನ ಭೂಸೇನಾ ಆಕ್ರಮಣಕ್ಕೆ ದಾರಿ ಮಾಡಿಕೊಡಲು ಯತ್ನಿಸಿದಾಗ ಅದನ್ನು ತಡೆದದ್ದು ಇದೇ ದಳ. ಆ ಹೋರಾಟಕ್ಕೆ ಬ್ರಿಟನ್ ಕದನವೆಂದು ಹೆಸರಾಗಿದೆ.

ಈ ಕದನದ ಕಥೆಯನ್ನು ಸಾಮಾನ್ಯವಾಗಿ ಸ್ಪಿಟ್‌ಫೈರ್ ಹಾರಿಸಿದ ಇಪ್ಪತ್ತರ ಆಸುಪಾಸಿನ ತರುಣರ ಸಾಹಸವಾಗಿ ಹೇಳಲಾಗುತ್ತದೆ. ಸಾಹಸದ ಬಗ್ಗೆ ಯಾರಿಗೂ ತಕರಾರಿಲ್ಲ. ಆದರೆ ಆ ತರುಣರನ್ನು ಸರಿಯಾದ ಹೊತ್ತಿಗೆ, ಸರಿಯಾದ ಜಾಗಕ್ಕೆ ಕಳುಹಿಸಿಕೊಡುವ ಏರ್ಪಾಡು ಕದನಕ್ಕೆ ನಾಲ್ಕು ವರ್ಷ ಮುಂಚಿನಿಂದಲೇ ಸಿದ್ಧವಾಗುತ್ತ ಬಂದಿತ್ತು. ಅದನ್ನು ಪಟ್ಟು ಹಿಡಿದು ಕಟ್ಟಿಸಿದ್ದು ಡೌಡಿಂಗ್ ಅವರ ನಿಜವಾದ ಸಾಧನೆ. ಅದೇ ಪಟ್ಟು, ಅದೇ ಬಿಗುವು ಕೊನೆಗೆ ಅವರ ಹುದ್ದೆಗೂ ಎರವಾಯಿತು ಎಂಬುದು ಈ ಪುಟವನ್ನು ಬರೆದವರ ಅಭಿಪ್ರಾಯ.

ಅವರು ಹುಟ್ಟಿ ಬೆಳೆದದ್ದು ಎಲ್ಲಿ? ಮೊದಲಿನಿಂದಲೂ ವಾಯುಪಡೆಯಲ್ಲೇ ಇದ್ದರೇ?

ಅವರು 1882ರ ಏಪ್ರಿಲ್ 24ರಂದು ಸ್ಕಾಟ್ಲೆಂಡಿನ ಮಾಫಟ್ ಎಂಬ ಪುಟ್ಟ ಊರಿನಲ್ಲಿ ಹುಟ್ಟಿದರು. ತಂದೆ ಅಲ್ಲಿ ಶಾಲೆಯೊಂದನ್ನು ನಡೆಸುತ್ತಿದ್ದ ಉಪಾಧ್ಯಾಯರು. ಮಗ ವಿಂಚೆಸ್ಟರ್ ಕಾಲೇಜಿನಲ್ಲಿ ಓದಿ, ವೂಲಿಚ್‌ನ ರಾಯಲ್ ಮಿಲಿಟರಿ ಅಕಾಡೆಮಿ ಸೇರಿ, 1900ರಲ್ಲಿ ಫಿರಂಗಿ ದಳದ ಅಧಿಕಾರಿಯಾದರು. ಆ ಹೊತ್ತಿಗೆ ಜಗತ್ತಿನಲ್ಲಿ ವಿಮಾನವೇ ಇರಲಿಲ್ಲ. ರೈಟ್ ಸಹೋದರರು ಹಾರಿದ್ದು 1903ರಲ್ಲಿ. ಜಿಬ್ರಾಲ್ಟರ್, ಸಿಲೋನ್ ಮತ್ತು ಹಾಂಗ್‌ಕಾಂಗ್‌ಗಳಲ್ಲಿ ಕೆಲಸ ಮಾಡಿದ ನಂತರ ಡೌಡಿಂಗ್ ಕೆಲವು ವರ್ಷ ಭಾರತದಲ್ಲಿ, ಬೆಟ್ಟಗಾಡಿನಲ್ಲಿ ತೋಪುಗಳನ್ನು ಸಾಗಿಸುವ ಮೌಂಟನ್ ಬ್ಯಾಟರಿಗಳಲ್ಲಿ ಸೇವೆ ಸಲ್ಲಿಸಿದರು. ಮುಂದೆ ಕ್ಯಾಂಬರ್ಲಿಯ ಸ್ಟಾಫ್ ಕಾಲೇಜಿಗೆ ತರಬೇತಿಗಾಗಿ ಇಂಗ್ಲೆಂಡಿಗೆ ಮರಳಿದರು.

ಫಿರಂಗಿ ದಳದ ಅಧಿಕಾರಿ ವಿಮಾನ ಹಾರಿಸಲು ಕಲಿತದ್ದು ಹೇಗೆ?

ಸ್ಟಾಫ್ ಕಾಲೇಜಿನಲ್ಲಿದ್ದಾಗ, ವಿಮಾನಗಳನ್ನು ಯುದ್ಧದಲ್ಲಿ ಹೇಗೆ ಬಳಸಬೇಕೆಂದು ಪಾಠ ಹೇಳುವವರಿಗೇ ಹಾರಾಟದ ಅರಿವು ಕಡಿಮೆ ಎಂದು ಅವರಿಗೆ ಅನ್ನಿಸಿತು. ಬ್ರೂಕ್‌ಲ್ಯಾಂಡ್ಸ್‌ನ ವಿಕರ್ಸ್ ಶಾಲೆಯಲ್ಲಿ ಕಲಿತು 1913ರ ಡಿಸೆಂಬರ್‌ನಲ್ಲಿ ಏರೋ ಕ್ಲಬ್ಬಿನ 711ನೇ ಪ್ರಮಾಣಪತ್ರ ಪಡೆದರು. ಆಗ ಅವರಿಗೆ 31 ವರ್ಷ. ಹಾರಾಟ ಅಪಾಯದ ಕಸುಬೆಂದು ತಂದೆ ಒಪ್ಪದ ಕಾರಣ ಡೌಡಿಂಗ್ ಮತ್ತೆ ಫಿರಂಗಿಗಳ ಬಳಿಗೇ ಹೋಗಬೇಕಾಯಿತು. 1914ರ ಆಗಸ್ಟ್‌ನಲ್ಲಿ ಯುದ್ಧ ಆರಂಭವಾದಾಗ ಭೂಸೇನೆಯ ವಾಯು ವಿಭಾಗವಾಗಿದ್ದ ರಾಯಲ್ ಫ್ಲೈಯಿಂಗ್ ಕೋರ್ ಅವರನ್ನು ಕರೆಸಿಕೊಂಡಿತು.

ಮೊದಲ ಮಹಾಯುದ್ಧದಲ್ಲಿ ಅವರ ಪಾತ್ರವೇನು? ಟ್ರೆಂಚಾರ್ಡ್ ಅವರೊಂದಿಗೆ ವೈಮನಸ್ಯ ಬಂದದ್ದೇಕೆ?

ಯುದ್ಧದ ಆರಂಭದ ತಿಂಗಳುಗಳಲ್ಲಿ ಫ್ರಾನ್ಸ್‌ನಲ್ಲಿ ಹಾರಿದ ಅವರು, 1915ರಲ್ಲಿ ಬ್ರೂಕ್‌ಲ್ಯಾಂಡ್ಸ್‌ನಲ್ಲಿ ವೈರ್‌ಲೆಸ್ ಪ್ರಯೋಗಗಳ ಹೊಣೆ ಹೊತ್ತರು. ನೆಲದಿಂದ ಆಕಾಶಕ್ಕೆ ಮಾತು ಮುಟ್ಟಿಸುವ ಈ ಆಸಕ್ತಿ ಇಪ್ಪತ್ತೈದು ವರ್ಷಗಳ ನಂತರ ಫಲ ಕೊಟ್ಟಿತೆನ್ನಬಹುದು. ಬಳಿಕ 16ನೇ ಸ್ಕ್ವಾಡ್ರನ್ನಿನ (ಹತ್ತಾರು ವಿಮಾನಗಳ ತುಕಡಿ) ಕಮಾಂಡರ್ ಆಗಿ, 1916ರ ಸೋಮ್ ಕದನದ ಕಾಲಕ್ಕೆ ಹಲವು ಸ್ಕ್ವಾಡ್ರನ್‌ಗಳ ಒಂದು ವಿಂಗ್‌ನ ಮುಖ್ಯಸ್ಥರಾಗಿ ಫ್ರಾನ್ಸ್‌ನಲ್ಲೇ ಇದ್ದರು.

ಸೋಮ್‌ನಲ್ಲಿ ಅವರ ಕೈಕೆಳಗಿನ ಒಂದು ಸ್ಕ್ವಾಡ್ರನ್ ಭಾರಿ ನಷ್ಟ ಅನುಭವಿಸಿ ಬಸವಳಿದಿತ್ತು. ಅದಕ್ಕೆ ವಿಶ್ರಾಂತಿ ಬೇಕೆಂದು ಡೌಡಿಂಗ್ ಕೇಳಿದರು. ಫ್ರಾನ್ಸ್‌ನಲ್ಲಿ ವಾಯು ವಿಭಾಗದ ದಂಡನಾಯಕರಾಗಿದ್ದ ಹ್ಯೂ ಟ್ರೆಂಚಾರ್ಡ್ ಎಷ್ಟೇ ನಷ್ಟವಾದರೂ ಆಕ್ರಮಣವನ್ನು ನಿಲ್ಲಿಸಬಾರದೆಂದು ನಂಬಿದವರು. ಅವರಿಗೆ ಈ ಕೋರಿಕೆ ಅಧೈರ್ಯದ ಮಾತಾಗಿ ಕೇಳಿಸಿತು. ಸ್ಕ್ವಾಡ್ರನ್ನಿಗೆ ವಿಶ್ರಾಂತಿಯೇನೋ ಸಿಕ್ಕಿತು, ಡೌಡಿಂಗ್ ಅವರಿಗೆ ಮಾತ್ರ ಇಂಗ್ಲೆಂಡಿಗೆ ವರ್ಗವಾಯಿತು. 1917ರಲ್ಲಿ ಬ್ರಿಗೇಡಿಯರ್ ಜನರಲ್ ಆಗಿ ಬಡ್ತಿ ಸಿಕ್ಕರೂ ಯುದ್ಧ ಮುಗಿಯುವವರೆಗೆ ಅವರು ತರಬೇತಿಯ ಕೆಲಸದಲ್ಲೇ ಉಳಿದರು. ದಣಿದ ಪೈಲಟ್‌ಗಳನ್ನು ಹಿಂದಕ್ಕೆ ಕರೆಸಿಕೊಂಡು ಹೊಸಬರನ್ನು ಮುಂದೆ ಕಳಿಸುವ ಕ್ರಮ 1940ರಲ್ಲಿ ಅವರ ಮುಖ್ಯ ನೀತಿಯಾಯಿತು. ಅದರ ಬೇರು ಇಲ್ಲಿದೆ.

ಎರಡು ಯುದ್ಧಗಳ ನಡುವೆ ಅವರು ಯಾವ ಹುದ್ದೆಗಳಲ್ಲಿದ್ದರು?

1918ರಲ್ಲಿ ಸ್ವತಂತ್ರ ವಾಯುಪಡೆ ಸ್ಥಾಪನೆಯಾಗಿ, ಮರುವರ್ಷ ಡೌಡಿಂಗ್ ಅವರಿಗೆ ಗ್ರೂಪ್ ಕ್ಯಾಪ್ಟನ್ ದರ್ಜೆಯ ಕಾಯಂ ಹುದ್ದೆ ಸಿಕ್ಕಿತು. 1924ರಲ್ಲಿ ಇರಾಕಿನಲ್ಲಿ ಸಿಬ್ಬಂದಿ ಅಧಿಕಾರಿಯಾಗಿ, 1926ರಿಂದ ವಾಯು ಸಚಿವಾಲಯದಲ್ಲಿ ತರಬೇತಿ ನಿರ್ದೇಶಕರಾಗಿ ಕೆಲಸ ಮಾಡಿದರು. 1929ರ ಗಲಭೆಗಳ ಹೊತ್ತಿಗೆ ಪ್ಯಾಲೆಸ್ಟೀನಿಗೆ ಹೋಗಿ ಬಂದರು.

1930ರ ಸೆಪ್ಟೆಂಬರ್‌ನಲ್ಲಿ ಅವರು ವಾಯುಪಡೆಯ ಸರಬರಾಜು ಮತ್ತು ಸಂಶೋಧನೆಯ ಹೊಣೆ ಹೊತ್ತು ಏರ್ ಕೌನ್ಸಿಲ್ ಸದಸ್ಯರಾದರು. ಒಂದೇ ತಿಂಗಳಲ್ಲಿ, ಅಕ್ಟೋಬರ್ 5ರಂದು, ಭಾರತದತ್ತ ಹೊರಟಿದ್ದ ಆರ್101 ಎಂಬ ಬೃಹತ್ ವಾಯುನೌಕೆ ಫ್ರಾನ್ಸ್‌ನ ಬೋವೆ ಬಳಿ ಬಿದ್ದು ಉರಿದು, ಅದರಲ್ಲಿದ್ದ 54 ಮಂದಿಯ ಪೈಕಿ 48 ಮಂದಿ ಸತ್ತರು. ಸತ್ತವರಲ್ಲಿ ವಾಯು ಸಚಿವ ಲಾರ್ಡ್ ಥಾಮ್ಸನ್ ಸಹ ಇದ್ದರು. ಇನ್ನಷ್ಟು ಪರೀಕ್ಷಾ ಹಾರಾಟಗಳು ಆಗಲೇಬೇಕೆಂದು ತಾನು ಒತ್ತಾಯಿಸಬೇಕಿತ್ತು ಎಂಬ ಕೊರಗು ಡೌಡಿಂಗ್ ಅವರಲ್ಲಿ ಉಳಿಯಿತು. ಹುದ್ದೆಗೆ ಆಗಷ್ಟೇ ಬಂದವರ ಮೇಲೆ ಆ ತಪ್ಪನ್ನು ಹೊರಿಸುವುದು ನ್ಯಾಯವಲ್ಲ. ಆದರೆ ತಜ್ಞರು ಹೇಳಿದ್ದನ್ನು ಕಣ್ಣಾರೆ ಕಾಣದೆ ಒಪ್ಪಬಾರದೆಂಬ ಸ್ವಭಾವ ಆ ಬಳಿಕ ಅವರಲ್ಲಿ ಎದ್ದುಕಾಣುತ್ತದೆ.

ರಾಡಾರ್ ಮತ್ತು ಹೊಸ ಯುದ್ಧವಿಮಾನಗಳ ಹಿಂದೆ ಅವರ ಕೈ ಎಷ್ಟು?

ರಾಡಾರನ್ನು ಕಂಡುಹಿಡಿದವರು ಡೌಡಿಂಗ್ ಎಂದು ಅಲ್ಲಲ್ಲಿ ಓದಸಿಗುತ್ತದೆ, ಅದು ಸರಿಯಲ್ಲ. ರೇಡಿಯೊ ಅಲೆಗಳಿಂದ ವಿಮಾನವನ್ನು ಪತ್ತೆಮಾಡಬಹುದೆಂದು ಲೆಕ್ಕ ಹಾಕಿ ತೋರಿಸಿದವರು ರಾಬರ್ಟ್ ವಾಟ್ಸನ್-ವಾಟ್ ಮತ್ತು ಅವರ ಸಹಾಯಕ ಆರ್ನಲ್ಡ್ ವಿಲ್ಕಿನ್ಸ್. ಸಂಶೋಧನೆಯ ಹಣ ಡೌಡಿಂಗ್ ಅವರ ಕೈಯಲ್ಲಿತ್ತು. ಕಾಗದದ ಮೇಲಿನ ಲೆಕ್ಕವಷ್ಟೇ ಸಾಲದು, ಮೊದಲು ಕಣ್ಣಿಗೆ ಕಾಣುವಂತೆ ಮಾಡಿ ತೋರಿಸಿ ಎಂದು ಅವರು ಕೇಳಿದರು. 1935ರ ಫೆಬ್ರವರಿ 26ರಂದು ಡ್ಯಾವೆಂಟ್ರಿಯ ಬಿಬಿಸಿ ಪ್ರಸಾರ ಕೇಂದ್ರದ ಅಲೆಗಳು ಹೇಫರ್ಡ್ ಬಾಂಬರ್ ಒಂದಕ್ಕೆ ತಾಗಿ ಮರಳಿದ್ದನ್ನು ಹೊಲದಲ್ಲಿ ನಿಲ್ಲಿಸಿದ್ದ ವ್ಯಾನಿನೊಳಗಿನ ಪರದೆ ತೋರಿಸಿತು. ಆಮೇಲೆ ಹಣ ಸರಾಗವಾಗಿ ಬಂತು. 1939ರಲ್ಲಿ ಯುದ್ಧ ಶುರುವಾಗುವ ಹೊತ್ತಿಗೆ ಇಂಗ್ಲೆಂಡಿನ ಪೂರ್ವ ಮತ್ತು ದಕ್ಷಿಣ ಕರಾವಳಿಯುದ್ದಕ್ಕೂ ಚೈನ್ ಹೋಮ್ ಎಂಬ ಸುಮಾರು 20 ರಾಡಾರ್ ಕೇಂದ್ರಗಳು ಎದ್ದು ನಿಂತಿದ್ದವು.

ಎಂಟು ಮೆಷಿನ್ ಗನ್‌ಗಳನ್ನು ಹೊತ್ತ ಒಂಟಿ ರೆಕ್ಕೆಯ ಹರಿಕೇನ್ ಮತ್ತು ಸ್ಪಿಟ್‌ಫೈರ್ ಕೂಡ ಅವರು ಸಂಶೋಧನೆಯ ಉಸ್ತುವಾರಿಯಲ್ಲಿದ್ದ ಕಾಲದವು. ಹರಿಕೇನ್ ಮೊದಲು ಹಾರಿದ್ದು 1935ರ ನವೆಂಬರ್‌ನಲ್ಲಿ, ಸ್ಪಿಟ್‌ಫೈರ್ 1936ರ ಮಾರ್ಚ್‌ನಲ್ಲಿ. ಇಲ್ಲಿಯೂ ಯಶಸ್ಸು ಸಿಡ್ನಿ ಕ್ಯಾಮ್ ಹಾಗೂ ರೆಜಿನಾಲ್ಡ್ ಮಿಚೆಲ್ ಅವರಂಥ ವಿನ್ಯಾಸಕಾರರದು. ಎಂಟು ಗನ್‌ಗಳು ಬೇಕೆಂದು ವಾದಿಸಿದ ಕಿರಿಯ ಅಧಿಕಾರಿಗಳ ಪಾಲೂ ದೊಡ್ಡದು. ಡೌಡಿಂಗ್ ಅವರ ಪಾಲು, ಬಾಂಬರ್ ವಿಮಾನಗಳೇ ಸರ್ವಸ್ವವೆಂದು ಇಡೀ ವಾಯುಪಡೆ ನಂಬಿದ್ದ ದಿನಗಳಲ್ಲಿ ರಕ್ಷಣೆಯ ಕೆಲಸಕ್ಕೂ ಜಾಗ ಕೊಡಿಸಿದ್ದು. ಮುಂದೆ ವಿಮಾನದ ಮುಂಗಾಜು ಗುಂಡು ತಡೆಯುವಂತಿರಬೇಕೆಂದು ಅವರು ಕೇಳಿದಾಗ ಸಭೆಯಲ್ಲಿ ನಗು ಎದ್ದಿತಂತೆ. ಷಿಕಾಗೋದ ದರೋಡೆಕೋರರ ಕಾರಿಗೆ ಸಿಗುವ ಗಾಜು ನನ್ನ ಪೈಲಟ್‌ಗಳಿಗೆ ಏಕೆ ಸಿಗಬಾರದು ಎಂಬುದು ಅವರ ಮರುಪ್ರಶ್ನೆಯಾಗಿತ್ತು.

‘ಡೌಡಿಂಗ್ ವ್ಯವಸ್ಥೆ’ ಎಂದರೆ ಏನು? ಅದು ಹೇಗೆ ಕೆಲಸ ಮಾಡುತ್ತಿತ್ತು?

ರಾಡಾರ್ ಇದ್ದ ಮಾತ್ರಕ್ಕೆ ಕದನ ಗೆಲ್ಲಲಾಗುತ್ತಿರಲಿಲ್ಲ. ಜರ್ಮನರ ಬಳಿಯೂ ಒಳ್ಳೆಯ ರಾಡಾರ್‌ಗಳಿದ್ದವು. ರಾಡಾರ್ ಕಂಡದ್ದನ್ನು ನಿಮಿಷಗಳೊಳಗೆ ಪೈಲಟ್‌ನ ಕಿವಿಗೆ ಆದೇಶವಾಗಿ ಮುಟ್ಟಿಸುವ ಏರ್ಪಾಡು ಮಾತ್ರ ಬ್ರಿಟನ್ನಿನಲ್ಲಷ್ಟೇ ಇತ್ತು.

ಕರಾವಳಿಯ ರಾಡಾರ್ ಕೇಂದ್ರಗಳು ಸಮುದ್ರದ ಕಡೆಗೆ ಮಾತ್ರ ನೋಡಬಲ್ಲವಾಗಿದ್ದವು. ಎತ್ತರದಲ್ಲಿ ಹಾರುವ ವಿಮಾನಗಳನ್ನು ಅವು ಸುಮಾರು 100 ಮೈಲಿ ದೂರದಿಂದಲೇ ಗುರುತಿಸುತ್ತಿದ್ದವು. ವಿಮಾನಗಳು ಕರಾವಳಿ ದಾಟಿ ಒಳಗೆ ಬಂದಮೇಲೆ ಅವನ್ನು ಕಣ್ಣಿನಿಂದ, ಕಿವಿಯಿಂದ ಹಿಂಬಾಲಿಸುವುದು ಸ್ವಯಂಸೇವಕರ ಅಬ್ಸರ್ವರ್ ಕೋರ್‌ನ ಕೆಲಸ. ರಾಡಾರಿನ ವರದಿಗಳೆಲ್ಲ ಟೆಲಿಫೋನಿನ ಮೂಲಕ ಲಂಡನ್ನಿನ ವಾಯವ್ಯದಲ್ಲಿ ಸ್ಟ್ಯಾನ್‌ಮೋರ್‌ನ ಬೆಂಟ್ಲಿ ಪ್ರಿಯರಿ ಎಂಬ ಹಳೆಯ ಬಂಗಲೆಗೆ, ಅಂದರೆ ಫೈಟರ್ ಕಮಾಂಡ್‌ನ ಪ್ರಧಾನ ಕಚೇರಿಗೆ ಬರುತ್ತಿದ್ದವು. ಒಂದೇ ಗುಂಪಿನ ಬಗ್ಗೆ ಮೂರು ಕೇಂದ್ರಗಳು ಮೂರು ಬಗೆಯ ವರದಿ ಕಳಿಸಬಹುದಲ್ಲವೇ? ಅವನ್ನು ಹೋಲಿಸಿ, ತಪ್ಪು ಸೋಸಿ, ಒಂದೇ ಒಂದು ಗುರುತನ್ನು ಉಳಿಸುವ ಫಿಲ್ಟರ್ ರೂಮ್ ಅಲ್ಲಿತ್ತು. ಈ ಕೋಣೆಯೇ ಇಡೀ ವ್ಯವಸ್ಥೆಯ ಹೃದಯವೆಂದು ನನಗನ್ನಿಸುತ್ತದೆ, ಆದರೂ ಜನಪ್ರಿಯ ಬರಹಗಳಲ್ಲಿ ಇದಕ್ಕೆ ಸಿಗುವುದು ಒಂದೆರಡು ಸಾಲು.

ಸೋಸಿದ ಮಾಹಿತಿ ಅಲ್ಲಿಂದ ಗ್ರೂಪ್ (ದೇಶದ ಒಂದೊಂದು ಭಾಗವನ್ನು ಕಾಯುವ ವಿಭಾಗ) ಮತ್ತು ಸೆಕ್ಟರ್ (ಗ್ರೂಪಿನೊಳಗಿನ ಸಣ್ಣ ವಲಯ) ಕಚೇರಿಗಳಿಗೆ ಏಕಕಾಲಕ್ಕೆ ಹೋಗುತ್ತಿತ್ತು. ದೊಡ್ಡ ಮೇಜಿನ ಮೇಲೆ ಹರಡಿದ ನಕ್ಷೆಯಲ್ಲಿ ಮಹಿಳಾ ಸಹಾಯಕ ವಾಯುಪಡೆಯ ತರುಣಿಯರು ಉದ್ದನೆಯ ಕೋಲುಗಳಿಂದ ಗುರುತುಗಳನ್ನು ಸರಿಸುತ್ತಿದ್ದರು. ಗೋಡೆಯ ಗಡಿಯಾರದ ಮುಖವನ್ನು ಐದೈದು ನಿಮಿಷಕ್ಕೆ ಕೆಂಪು, ಹಳದಿ, ನೀಲಿ ಬಣ್ಣಗಳಲ್ಲಿ ಭಾಗ ಮಾಡಿರುತ್ತಿದ್ದರು; ವರದಿ ಬಂದಾಗ ಮುಳ್ಳು ಯಾವ ಬಣ್ಣದ ಮೇಲಿತ್ತೋ ಅದೇ ಬಣ್ಣದ ಗುರುತನ್ನು ನಕ್ಷೆಯ ಮೇಲೆ ಇಡಬೇಕು. ಹೀಗಾಗಿ ಮೇಲಿನ ಗ್ಯಾಲರಿಯಲ್ಲಿ ಕುಳಿತ ಅಧಿಕಾರಿಗೆ ಯಾವ ಮಾಹಿತಿ ಹೊಸದು, ಯಾವುದು ಹಳಸಿದ್ದು ಎಂಬುದು ಒಂದೇ ನೋಟಕ್ಕೆ ತಿಳಿಯುತ್ತಿತ್ತು. ಯಾವ ಸ್ಕ್ವಾಡ್ರನ್ ಮೇಲೇರಬೇಕೆಂದು ಗ್ರೂಪ್ ನಿರ್ಧರಿಸುತ್ತಿತ್ತು. ಅದನ್ನು ರೇಡಿಯೊ ಮೂಲಕ ಶತ್ರುವಿನ ಬಳಿಗೆ ನಡೆಸಿಕೊಂಡು ಹೋಗುವ ಕೆಲಸ ಸೆಕ್ಟರ್ ನಿಯಂತ್ರಕರದು.

ಇದರಿಂದಾದ ದೊಡ್ಡ ಉಳಿತಾಯವೆಂದರೆ ಪೈಲಟ್‌ಗಳ ಶಕ್ತಿ. ಶತ್ರು ಬರಬಹುದೆಂದು ಗಂಟೆಗಟ್ಟಲೆ ಆಕಾಶದಲ್ಲಿ ಸುತ್ತುವ ಅಗತ್ಯವಿರಲಿಲ್ಲ. ಕಡಿಮೆ ವಿಮಾನಗಳಿದ್ದ ದೇಶ ಹೆಚ್ಚು ವಿಮಾನಗಳಿದ್ದಂತೆ ಹೋರಾಡಲು ಸಾಧ್ಯವಾದದ್ದು ಹೀಗೆ.

ಅವರ ನಿವೃತ್ತಿಯ ದಿನಾಂಕವನ್ನು ಮತ್ತೆ ಮತ್ತೆ ಮುಂದೂಡಿದರೆಂಬುದು ನಿಜವೇ?

ನಿಜ. 1937ರಲ್ಲಿ ಅವರು ಏರ್ ಚೀಫ್ ಮಾರ್ಷಲ್ ಆದರು. ಅದೇ ವರ್ಷ ವಾಯುಪಡೆಯ ಮುಖ್ಯಸ್ಥ ಸ್ಥಾನ ತಮ್ಮ ಪಾಲಿಗೆ ಬರುವ ನಿರೀಕ್ಷೆಯಿತ್ತು, ಆದರೆ ಅದು ಅವರಿಗಿಂತ ಕಿರಿಯರಾದ ಸಿರಿಲ್ ನ್ಯೂಯಲ್ ಅವರಿಗೆ ಹೋಯಿತು. ಡೌಡಿಂಗ್ ಅವರಿಗೆ 1939ರ ಜೂನ್‌ಗೆ ನಿವೃತ್ತಿ ಎಂದು ಮೊದಲು ತಿಳಿಸಲಾಗಿತ್ತು. ಅದು 1940ರ ಮಾರ್ಚ್‌ಗೆ, ಅಲ್ಲಿಂದ ಜುಲೈ 14ಕ್ಕೆ, ಮತ್ತೆ ಅಕ್ಟೋಬರ್ 31ಕ್ಕೆ ಸರಿಯಿತು. ದೇಶದ ಅಳಿವು ಉಳಿವಿನ ಕದನ ಶುರುವಾದ ವಾರದಲ್ಲೂ ಅದನ್ನು ನಡೆಸುತ್ತಿದ್ದವರಿಗೆ ತಾವು ಎಷ್ಟು ದಿನ ಹುದ್ದೆಯಲ್ಲಿರುತ್ತೇವೆಂಬುದು ಖಚಿತವಿರಲಿಲ್ಲ. ಸರ್ಕಾರಿ ಕಚೇರಿಗಳ ಈ ಚಾಳಿಗೆ ದೇಶಕಾಲಗಳ ಭೇದವಿಲ್ಲವೇನೋ.

1940ರ ಮೇ 16ರ ಪತ್ರದಲ್ಲಿ ಅವರು ಬರೆದದ್ದೇನು?

ಜರ್ಮನ್ ಸೇನೆ ಫ್ರಾನ್ಸಿನೊಳಕ್ಕೆ ನುಗ್ಗಿದಾಗ ಫ್ರೆಂಚ್ ಪ್ರಧಾನಿ ಪಾಲ್ ರೇನೋ ಹೆಚ್ಚಿನ ಬ್ರಿಟಿಷ್ ಯುದ್ಧವಿಮಾನಗಳಿಗಾಗಿ ಅಂಗಲಾಚಿದರು. ಪ್ರಧಾನಿಯಾಗಿ ಒಂದು ವಾರವೂ ಆಗಿರದ ಚರ್ಚಿಲ್ ಅವರಿಗೆ ಕೊಡಬೇಕೆಂಬ ಮನಸ್ಸಿತ್ತು. ಮೇ 15ರಂದು ಡೌಡಿಂಗ್ ಯುದ್ಧ ಸಂಪುಟದ ಮುಂದೆ ಹೋಗಿ ತಮ್ಮ ಆತಂಕ ತಿಳಿಸಿದರು. ಮರುದಿನ ವಾಯು ಸಚಿವಾಲಯಕ್ಕೆ ಹತ್ತು ಪ್ಯಾರಾಗಳ ಪತ್ರ ಬರೆದರು. ಬ್ರಿಟನ್ನಿನ ರಕ್ಷಣೆಗೆ 52 ಸ್ಕ್ವಾಡ್ರನ್ ಬೇಕೆಂದು ಹಿಂದೆ ಒಪ್ಪಿಕೊಂಡಿದ್ದಿರಿ, ಈಗ ನನ್ನ ಬಳಿ 36ಕ್ಕೆ ಸಮನಾದಷ್ಟು ಮಾತ್ರ ಉಳಿದಿವೆ ಎಂದು ಅವರು ಅದರಲ್ಲಿ ನೆನಪಿಸಿದರು. ಇದಕ್ಕಿಂತ ಕೆಳಗೆ ಇಳಿಯುವಂತಿಲ್ಲವೆಂಬ ಕೊನೆಯ ಸಂಖ್ಯೆ ಯಾವುದೆಂದು ಹೇಳಿ ಎಂದು ಕೇಳಿದರು. ಸಾಕಷ್ಟು ಪಡೆಯನ್ನು ದೇಶದಲ್ಲೇ ಉಳಿಸಿಕೊಂಡರೆ ಒಂಟಿಯಾಗಿಯಾದರೂ ಹೋರಾಡಬಹುದು. ಎಲ್ಲವನ್ನೂ ಫ್ರಾನ್ಸಿಗೆ ಸುರಿದರೆ ಅಲ್ಲಿಯ ಸೋಲಿನೊಂದಿಗೆ ಈ ದೇಶವೂ ಪೂರ್ತಿಯಾಗಿ, ಮತ್ತೆ ಏಳಲಾಗದಂತೆ ಸೋಲುತ್ತದೆ ಎಂಬುದು ಪತ್ರದ ಕೊನೆಯ ಮಾತಿನ ಸಾರ.

ಈ ಒಂದು ಪತ್ರದಿಂದ ವಿಮಾನಗಳ ಹರಿವು ಕೂಡಲೇ ನಿಂತಿತೆಂಬುದು ದಂತಕಥೆ. ಆ ಬಳಿಕವೂ ಕೆಲವು ತುಕಡಿಗಳು ಹೋದವು. ಹಗಲು ಫ್ರಾನ್ಸಿನ ಮೇಲೆ ಹಾರಿ ರಾತ್ರಿ ಇಂಗ್ಲೆಂಡಿಗೆ ಮರಳುವ ಏರ್ಪಾಡು ಮಾಡಿ ನಷ್ಟ ತಗ್ಗಿಸಿದವರು ನ್ಯೂಯಲ್. ಅವರು ಡೌಡಿಂಗ್ ಪರವಾಗಿ ನಿಂತದ್ದನ್ನು ಅನೇಕರು ಮರೆಯುತ್ತಾರೆ. ಇನ್ನು ಯುದ್ಧವಿಮಾನಗಳು ದೇಶ ಬಿಡಕೂಡದೆಂದು ಚರ್ಚಿಲ್ ಆದೇಶಿಸಿದ್ದು ಮೇ 19ರಂದು. ಅಷ್ಟಾದರೂ, ಬ್ರಿಟಿಷ್ ಸೇನೆಯನ್ನು ಹಡಗುಗಳಲ್ಲಿ ತೆರವುಗೊಳಿಸಿದ ಡನ್‌ಕರ್ಕ್ ಸೇರಿದಂತೆ ಆ ದಂಡಯಾತ್ರೆಯಲ್ಲಿ ನಾಶವಾದ ಹರಿಕೇನ್ ಮತ್ತು ಸ್ಪಿಟ್‌ಫೈರ್‌ಗಳು 400ಕ್ಕೂ ಹೆಚ್ಚು. ಇಂಗ್ಲೆಂಡನ್ನು ಕಾಯಲು 25 ಸ್ಕ್ವಾಡ್ರನ್ ಸಾಕೆಂದು ಡೌಡಿಂಗ್ ತಮಗೆ ಹೇಳಿದ್ದರೆಂದು ಚರ್ಚಿಲ್ ಆಮೇಲೆ ಬರೆದುಕೊಂಡರು. ಪತ್ರದಲ್ಲಿರುವ 52ರ ಎದುರು ಆ ಮಾತು ನಿಲ್ಲುವುದಿಲ್ಲ.

ಬ್ರಿಟನ್ ಕದನವನ್ನು ಅವರು ಹೇಗೆ ನಡೆಸಿದರು?

ಬ್ರಿಟನ್ನಿನ ಅಧಿಕೃತ ಲೆಕ್ಕದಂತೆ ಕದನ 1940ರ ಜುಲೈ 10ರಿಂದ ಅಕ್ಟೋಬರ್ 31ರವರೆಗೆ ನಡೆಯಿತು. ಡೌಡಿಂಗ್ ಪ್ರತಿ ದಾಳಿಗೂ ಬೆಂಟ್ಲಿ ಪ್ರಿಯರಿಯಿಂದ ಆದೇಶ ಕೊಡುತ್ತಿರಲಿಲ್ಲ. ದಿನದಿನದ ಹೋರಾಟ ಗ್ರೂಪ್ ಕಮಾಂಡರುಗಳ ಹೊಣೆ. ಲಂಡನ್ ಮತ್ತು ಆಗ್ನೇಯ ಭಾಗವನ್ನು ಕಾಯುವ 11ನೇ ಗ್ರೂಪ್ ನ್ಯೂಜಿಲೆಂಡಿನ ಕೀತ್ ಪಾರ್ಕ್ ಅವರದು. ಅದರ ಉತ್ತರಕ್ಕಿದ್ದ 12ನೇ ಗ್ರೂಪ್ ಟ್ರಾಫರ್ಡ್ ಲೀ-ಮ್ಯಾಲರಿ ಅವರದು. ನೈರುತ್ಯದ 10ನೇ ಗ್ರೂಪ್ ಕ್ವಿಂಟಿನ್ ಬ್ರ್ಯಾಂಡ್ ಅವರದು. ಉತ್ತರದ 13ನೇ ಗ್ರೂಪ್ ರಿಚರ್ಡ್ ಸೌಲ್ ಅವರದು.

ಡೌಡಿಂಗ್ ಕೈಯಲ್ಲಿ ಉಳಿದದ್ದು ಲೆಕ್ಕಾಚಾರ: ಎಷ್ಟು ಸ್ಕ್ವಾಡ್ರನ್ ಎಲ್ಲಿರಬೇಕು, ಯಾವುದು ದಣಿದಿದೆ, ಯಾವುದನ್ನು ಉತ್ತರಕ್ಕೆ ಕಳಿಸಿ ವಿಶ್ರಾಂತಿ ಕೊಡಬೇಕು. ದಕ್ಷಿಣದಲ್ಲಿ ಎಷ್ಟೇ ಒತ್ತಡವಿದ್ದರೂ ಉತ್ತರವನ್ನು ಅವರು ಬರಿದುಮಾಡಲಿಲ್ಲ. ಆಗಸ್ಟ್ 15ರಂದು ಅದರ ಫಲ ಕಂಡಿತು. ಉತ್ತರದಲ್ಲಿ ಕಾವಲೇ ಇರಲಾರದೆಂದು ನಂಬಿ ನಾರ್ವೆ ಮತ್ತು ಡೆನ್ಮಾರ್ಕ್‌ನಿಂದ ಹೊರಟ ಜರ್ಮನ್ ವಿಮಾನಗಳಿಗೆ ಅಲ್ಲಿ ಕಾದಿದ್ದ ಸ್ಕ್ವಾಡ್ರನ್‌ಗಳಿಂದ ಎಂಥ ಪೆಟ್ಟು ಬಿತ್ತೆಂದರೆ, ಆ ದಿಕ್ಕಿನಿಂದ ಹಗಲಿನ ಭಾರಿ ದಾಳಿ ಮತ್ತೆ ನಡೆಯಲಿಲ್ಲ.

ಅತಿ ಕಷ್ಟದ ಅವಧಿ ಆಗಸ್ಟ್ 24ರಿಂದ ಸೆಪ್ಟೆಂಬರ್ 6ರವರೆಗಿನ ಎರಡು ವಾರ. ಶತ್ರು ನೇರವಾಗಿ ಪಾರ್ಕ್ ಅವರ ಸೆಕ್ಟರ್ ವಿಮಾನ ನಿಲ್ದಾಣಗಳಿಗೇ ಕೈಹಾಕಿದ್ದ. ಕಾರ್ಖಾನೆಗಳು ವಿಮಾನಗಳನ್ನು ಪೂರೈಸುತ್ತಿದ್ದವು, ಸಾಲದೆ ಬಂದದ್ದು ಅನುಭವಿ ಪೈಲಟ್‌ಗಳು. ಸೆಪ್ಟೆಂಬರ್ ಆರಂಭದಲ್ಲಿ ಡೌಡಿಂಗ್ ಸ್ಕ್ವಾಡ್ರನ್‌ಗಳನ್ನು ಎ, ಬಿ, ಸಿ ಎಂದು ಮೂರು ದರ್ಜೆಗಳಾಗಿ ವಿಂಗಡಿಸಿದರು. ಸಿ ದರ್ಜೆಯವು ನುರಿತವರನ್ನು ಮುಂಚೂಣಿಗೆ ಕೊಟ್ಟು ಹೊಸಬರನ್ನು ಪಳಗಿಸಬೇಕಿತ್ತು. ಅವರಿಗೆ ಇದು ಮನಸ್ಸಿಲ್ಲದ ಮನಸ್ಸಿನ ಕ್ರಮವಾಗಿತ್ತು, ಏಕೆಂದರೆ ಇಡೀ ಸ್ಕ್ವಾಡ್ರನ್ನನ್ನೇ ಬದಲಿಸುವ ಅವರ ಹಳೆಯ ಪದ್ಧತಿಗೆ ಇನ್ನು ಅವಕಾಶವಿರಲಿಲ್ಲ. ಅದೇ ಹೊತ್ತಿಗೆ, ಸೆಪ್ಟೆಂಬರ್ 7ರಂದು, ಜರ್ಮನರು ನಿಲ್ದಾಣಗಳನ್ನು ಬಿಟ್ಟು ಲಂಡನ್ ಕಡೆ ತಿರುಗಿದರು. ನಗರ ಉರಿಯಿತು, ನಿಲ್ದಾಣಗಳು ಉಸಿರಾಡಿದವು.

ಸೆಪ್ಟೆಂಬರ್ 15ರಂದು 185 ಜರ್ಮನ್ ವಿಮಾನಗಳನ್ನು ಉರುಳಿಸಲಾಯಿತೇ?

ಇಲ್ಲ. ಅದು ಆ ದಿನ ಪ್ರಕಟಿಸಿದ ಸಂಖ್ಯೆ. ಒಂದೇ ವಿಮಾನಕ್ಕೆ ಮೂವರು ಗುಂಡು ಹಾರಿಸಿ ಮೂವರೂ ತಮ್ಮದೆಂದು ಹೇಳಿಕೊಳ್ಳುವುದು ಎರಡೂ ಕಡೆ ಸಾಮಾನ್ಯವಾಗಿತ್ತು. ಯುದ್ಧಾನಂತರ ಜರ್ಮನ್ ದಾಖಲೆಗಳಿಂದ ತಿಳಿದ ಸಂಖ್ಯೆ ಸುಮಾರು 60. ಆದರೂ ಬ್ರಿಟಿಷ್ ವಾಯುಪಡೆ ಮುಗಿದೇ ಹೋಯಿತೆಂದು ನಂಬಿ ಬಂದವರಿಗೆ ಅಷ್ಟು ನಷ್ಟವೇ ಸಾಕಾಯಿತು. ಎರಡು ದಿನಗಳ ನಂತರ ಹಿಟ್ಲರ್ ಆಕ್ರಮಣದ ಯೋಜನೆಯನ್ನು ಮುಂದೂಡಿದ.

‘ಬಿಗ್ ವಿಂಗ್’ ವಿವಾದ ಯಾವುದರ ಬಗ್ಗೆ?

ಪಾರ್ಕ್ ಅವರ ಕ್ರಮವೆಂದರೆ ಒಂದೆರಡು ಸ್ಕ್ವಾಡ್ರನ್‌ಗಳನ್ನಾದರೂ ಬೇಗ ಮೇಲಕ್ಕೆ ಕಳಿಸಿ, ಬಾಂಬು ಬೀಳುವ ಮುನ್ನವೇ ಶತ್ರುವನ್ನು ಚದುರಿಸುವುದು. 12ನೇ ಗ್ರೂಪಿನ ಡಕ್ಸ್‌ಫರ್ಡ್ ನಿಲ್ದಾಣದಲ್ಲಿದ್ದ ಡಗ್ಲಸ್ ಬ್ಯಾಡರ್ ಮತ್ತು ಅವರ ಬೆನ್ನಿಗೆ ನಿಂತ ಲೀ-ಮ್ಯಾಲರಿ, ಮೂರರಿಂದ ಐದು ಸ್ಕ್ವಾಡ್ರನ್‌ಗಳನ್ನು ಒಟ್ಟುಗೂಡಿಸಿ ಒಮ್ಮೆಲೇ ಎರಗಬೇಕೆಂದರು. ಈ ದೊಡ್ಡ ಗುಂಪೇ ಬಿಗ್ ವಿಂಗ್. ಕಾಲಿಲ್ಲದಿದ್ದರೂ ಹಾರುತ್ತಿದ್ದ ಬ್ಯಾಡರ್ ಆಗಲೇ ಹೆಸರಾದ ವೀರ, ಅವರ ಮಾತಿಗೆ ರಾಜಕಾರಣಿಗಳ ತನಕ ಕಿವಿಗಳಿದ್ದವು. ಆದರೆ ಅಷ್ಟು ವಿಮಾನಗಳು ಗುಂಪುಗೂಡಲು ಸಮಯ ಹಿಡಿಯುತ್ತಿತ್ತು. ಫ್ರಾನ್ಸಿನ ತೀರಕ್ಕೆ ಹತ್ತಿರವಿದ್ದ ಪಾರ್ಕ್ ಅವರಿಗೆ ಆ ಸಮಯವಿರಲಿಲ್ಲ. ಬಿಗ್ ವಿಂಗ್ ತಡವಾಗಿ ಬಂದ ಸಂದರ್ಭಗಳಲ್ಲಿ 11ನೇ ಗ್ರೂಪಿನ ನಿಲ್ದಾಣಗಳು ಕಾವಲಿಲ್ಲದೆ ಉಳಿದದ್ದೂ ಉಂಟು.

1940ರ ಅಕ್ಟೋಬರ್ 17ರಂದು ವಾಯು ಸಚಿವಾಲಯದಲ್ಲಿ, ವಾಯುಪಡೆಯ ಉಪಮುಖ್ಯಸ್ಥ ಶೋಲ್ಟೊ ಡಗ್ಲಸ್ ಅವರ ಅಧ್ಯಕ್ಷತೆಯಲ್ಲಿ ಈ ಬಗ್ಗೆ ಸಭೆ ಸೇರಿತು. ಹಿರಿಯ ದಂಡನಾಯಕರ ನಡುವೆ ಸ್ಕ್ವಾಡ್ರನ್ ಲೀಡರ್ ಬ್ಯಾಡರ್ ಬಂದು ಕುಳಿತದ್ದನ್ನು ಕಂಡಾಗಲೇ ಗಾಳಿ ಯಾವ ಕಡೆ ಬೀಸುತ್ತಿದೆಯೆಂದು ಡೌಡಿಂಗ್ ಮತ್ತು ಪಾರ್ಕ್ ತಿಳಿಯಬಹುದಿತ್ತು.

ಹಾಗಾದರೆ ಅವರನ್ನು ಹುದ್ದೆಯಿಂದ ತೆಗೆದದ್ದು ಬಿಗ್ ವಿಂಗ್ ಕಾರಣದಿಂದಲೇ? ಅದು ಅನ್ಯಾಯವೇ?

ಅದೊಂದೇ ಕಾರಣವಲ್ಲ. ಹೆಚ್ಚು ತೂಗಿದ್ದು ರಾತ್ರಿಯ ದಾಳಿಗಳು. ಸೆಪ್ಟೆಂಬರ್‌ನಿಂದ ಲಂಡನ್ನಿನ ಮೇಲೆ ರಾತ್ರಿ ರಾತ್ರಿ ಬಾಂಬು ಸುರಿಯುತ್ತಿತ್ತು. ನವೆಂಬರ್ 14ರ ರಾತ್ರಿ ಕವೆಂಟ್ರಿ ನಗರದ ನಡುಭಾಗವೇ ನಾಶವಾಯಿತು. ಕತ್ತಲಲ್ಲಿ ಶತ್ರುವನ್ನು ಹುಡುಕುವ ಸಾಧನ ಫೈಟರ್ ಕಮಾಂಡ್ ಬಳಿ ಇನ್ನೂ ಪಕ್ವವಾಗಿರಲಿಲ್ಲ. ಹಿರಿಯ ಅಧಿಕಾರಿ ಜಾನ್ ಸ್ಯಾಮಂಡ್ ನೇತೃತ್ವದ ಸಮಿತಿ ಹರಿಕೇನ್‌ಗಳನ್ನೂ ರಾತ್ರಿ ಕಾವಲಿಗೆ ಹಾಕಬೇಕೆಂದಿತು. ವಿಮಾನದೊಳಗೇ ರಾಡಾರ್ ಇಟ್ಟ ಬ್ಯೂಫೈಟರ್‌ಗಳು ಬರುವವರೆಗೆ ಬೇರೇನೂ ಫಲ ಕೊಡದೆಂದು ಡೌಡಿಂಗ್ ಪಟ್ಟು ಹಿಡಿದರು. ತಾಂತ್ರಿಕವಾಗಿ ಅವರ ಮಾತೇ ಸರಿಯಾಗಿತ್ತು. ನವೆಂಬರ್ 19ರ ರಾತ್ರಿ ಜಾನ್ ಕನಿಂಗ್‌ಹ್ಯಾಮ್ ಅಂಥದೇ ವಿಮಾನದಿಂದ ಬಾಂಬರ್ ಒಂದನ್ನು ಉರುಳಿಸಿದರು. ಐದೇ ದಿನಗಳಲ್ಲಿ, ನವೆಂಬರ್ 24ರಂದು, ಡೌಡಿಂಗ್ ಹುದ್ದೆ ಬಿಟ್ಟುಕೊಡಬೇಕಾಯಿತು. ಅವರ ಜಾಗಕ್ಕೆ ಶೋಲ್ಟೊ ಡಗ್ಲಸ್ ಬಂದರು. ಮುಂದಿನ ತಿಂಗಳು ಪಾರ್ಕ್ ಅವರ ಜಾಗಕ್ಕೆ ಲೀ-ಮ್ಯಾಲರಿ ಬಂದರು.

ತಮಗೆ ಟೆಲಿಫೋನಿನಲ್ಲಿ ಏಕಾಏಕಿ ತಿಳಿಸಿದರೆಂದು ಡೌಡಿಂಗ್ ವೃದ್ಧಾಪ್ಯದಲ್ಲಿ ನೆನಪಿಸಿಕೊಂಡರು. ಆದರೆ ವಾಯು ಸಚಿವ ಆರ್ಚಿಬಾಲ್ಡ್ ಸಿಂಕ್ಲೇರ್ ಅವರೇ ಡೌಡಿಂಗ್ ಅವರನ್ನು ಕರೆಸಿ ಮಾತನಾಡಿದ್ದರೆಂದು ಕಡತಗಳು ಹೇಳುತ್ತವೆ.

ಅನ್ಯಾಯವೇ ಎಂಬ ಪ್ರಶ್ನೆಗೆ ನನ್ನ ಉತ್ತರ ಅರ್ಧ ಹೌದು. 58 ವರ್ಷ ದಾಟಿ, ನಾಲ್ಕು ವರ್ಷಕ್ಕೂ ಮಿಕ್ಕಿ ಒಂದೇ ಹೊರೆ ಹೊತ್ತವರನ್ನು ಬದಲಿಸುವುದರಲ್ಲಿ ತಪ್ಪಿಲ್ಲ. ಇಬ್ಬರು ಗ್ರೂಪ್ ಕಮಾಂಡರುಗಳ ಜಗಳ ತಿಂಗಳುಗಟ್ಟಲೆ ಬೆಳೆಯಲು ಬಿಟ್ಟದ್ದು ದಂಡನಾಯಕರಾಗಿ ಅವರ ನಿಜವಾದ ಲೋಪ. ಲೀ-ಮ್ಯಾಲರಿಗೆ ಒಂದು ಖಡಕ್ ಆದೇಶ ಕೊಟ್ಟಿದ್ದರೆ ವಿಷಯ ಅಲ್ಲೇ ಮುಗಿಯುತ್ತಿತ್ತು. ಆದರೆ ಗೆಲುವು ಸಿಕ್ಕ ಕೆಲವೇ ವಾರಗಳಲ್ಲಿ, ಸಾರ್ವಜನಿಕವಾಗಿ ಒಂದು ಕೃತಜ್ಞತೆಯ ಮಾತೂ ಇಲ್ಲದೆ ಕಳಿಸಿದ ರೀತಿಗೆ ಸಮರ್ಥನೆಯಿಲ್ಲ. 1941ರಲ್ಲಿ ವಾಯು ಸಚಿವಾಲಯ ಹೊರತಂದ ಬ್ರಿಟನ್ ಕದನದ ಕಿರುಪುಸ್ತಕದಲ್ಲಿ ಡೌಡಿಂಗ್ ಹೆಸರೇ ಇರಲಿಲ್ಲ. ಇದು ಹೊಟ್ಟೆಕಿಚ್ಚಿನ, ಗುಂಪುಗಾರಿಕೆಯ ಕೆಲಸವೆಂದು ಚರ್ಚಿಲ್ ಅವರೇ ಸಿಟ್ಟಿನಿಂದ ಬರೆದರು.

ಆಮೇಲೆ ಅವರು ಏನು ಮಾಡಿದರು?

ವಿಮಾನ ಉತ್ಪಾದನಾ ಸಚಿವಾಲಯದ ಪರವಾಗಿ ಅಮೆರಿಕಕ್ಕೆ ಹೋದರು. ಮುಚ್ಚುಮರೆಯಿಲ್ಲದ ಮಾತಿನಿಂದ ಅಲ್ಲಿ ಬ್ರಿಟಿಷ್ ರಾಜತಾಂತ್ರಿಕರಿಗೆ ಇರಿಸುಮುರಿಸಾಯಿತು. ಮರಳಿ ಬಂದು ಕದನದ ಅಧಿಕೃತ ವರದಿಯನ್ನು ಬರೆದರು. ಅದು ಸರ್ಕಾರಿ ಗೆಜೆಟ್‌ನಲ್ಲಿ ಪ್ರಕಟವಾದದ್ದು 1946ರಲ್ಲಿ. ವಾಯುಪಡೆಯ ಸಿಬ್ಬಂದಿ ವೆಚ್ಚವನ್ನು ಪರಿಶೀಲಿಸುವ ಒಂದು ಕೆಲಸವನ್ನೂ ಮಾಡಿ 1942ರ ಜುಲೈನಲ್ಲಿ ನಿವೃತ್ತರಾದರು. 1943ರಲ್ಲಿ ಬೆಂಟ್ಲಿ ಪ್ರಿಯರಿಯ ಬ್ಯಾರನ್ ಡೌಡಿಂಗ್ ಎಂಬ ಬಿರುದು ಪಡೆದು ಹೌಸ್ ಆಫ್ ಲಾರ್ಡ್ಸ್ ಸದಸ್ಯರಾದರು.

ಅವರಿಗೆ ವಾಯುಪಡೆಯ ಅತ್ಯುನ್ನತ ದರ್ಜೆ ಏಕೆ ಸಿಗಲಿಲ್ಲ?

ಏರ್ ಚೀಫ್ ಮಾರ್ಷಲ್ ಎಂದರೆ ಭೂಸೇನೆಯ ಜನರಲ್‌ಗೆ ಸಮ. ಇಂದು ಭಾರತೀಯ ವಾಯುಪಡೆಯ ಮುಖ್ಯಸ್ಥರು ಹೊಂದಿರುವುದೂ ಇದೇ ದರ್ಜೆ. ಅದರ ಮೇಲಿನ ಮಾರ್ಷಲ್ ಆಫ್ ದಿ ರಾಯಲ್ ಏರ್ ಫೋರ್ಸ್ ದರ್ಜೆ, ನಮ್ಮ ಕೊಡಗಿನ ಕಾರ್ಯಪ್ಪನವರು ಪಡೆದ ಫೀಲ್ಡ್ ಮಾರ್ಷಲ್ ಪದವಿಗೆ ಸರಿಸಮ. ವಾಯುಪಡೆಯ ಮುಖ್ಯಸ್ಥರಾಗಿದ್ದವರಿಗೆ ಮಾತ್ರ ಅದನ್ನು ಕೊಡುವ ರೂಢಿ ಎಂದು ಡೌಡಿಂಗ್ ವಿಷಯದಲ್ಲಿ ಹೇಳಲಾಯಿತು. 1946ರಲ್ಲಿ, ಎಂದೂ ವಾಯುಪಡೆಯ ಮುಖ್ಯಸ್ಥರಾಗಿರದ, ಬಾಂಬರ್ ದಳ ನಡೆಸಿದ ಆರ್ಥರ್ ಹ್ಯಾರಿಸ್ ಮತ್ತು ಶೋಲ್ಟೊ ಡಗ್ಲಸ್ ಇಬ್ಬರಿಗೂ ಅದು ಸಿಕ್ಕಿತು. ಆಗ ರೂಢಿ ಅಡ್ಡ ಬರಲಿಲ್ಲ.

ಅವರ ಖಾಸಗಿ ಸ್ವಭಾವ ಮತ್ತು ನಂಬಿಕೆಗಳ ಬಗ್ಗೆ ಏನು ತಿಳಿದಿದೆ?

ಸಹೋದ್ಯೋಗಿಗಳು ಇಟ್ಟ ಅಡ್ಡಹೆಸರು ಸ್ಟಫಿ, ಅಂದರೆ ಬಿಗುಮಾನದವ. ಹರಟೆ, ಕುಡಿತ, ಗುಂಪು ಇವುಗಳಿಂದ ದೂರ. ಹಿಮದ ಮೇಲಿನ ಸ್ಕೀಯಿಂಗ್ ಮಾತ್ರ ಬಲು ಇಷ್ಟ. 1918ರಲ್ಲಿ ಮದುವೆಯಾದ ಕ್ಲಾರಿಸ್ ಎರಡೇ ವರ್ಷಗಳಲ್ಲಿ ತೀರಿಕೊಂಡರು. ಮಗ ಡೆರೆಕ್ 1940ರಲ್ಲಿ ತಂದೆಯದೇ ಫೈಟರ್ ಕಮಾಂಡ್‌ನಲ್ಲಿ ಪೈಲಟ್ ಆಗಿದ್ದರು.

ನಿವೃತ್ತಿಯ ನಂತರ ಡೌಡಿಂಗ್ ಪ್ರೇತಾತ್ಮವಾದದ ಬಗ್ಗೆ ಪುಸ್ತಕಗಳನ್ನು ಬರೆದರು. ಸತ್ತ ಪೈಲಟ್‌ಗಳೊಂದಿಗೆ ಮಾತನಾಡಬಹುದೆಂದು ನಂಬಿದ್ದರು. ಥಿಯಾಸಫಿಯತ್ತ ಒಲಿದು ಪುನರ್ಜನ್ಮವನ್ನೂ ಒಪ್ಪಿಕೊಂಡರು. ಇದನ್ನು ಹಿಡಿದು ಅವರ ಯುದ್ಧಕಾಲದ ನಿರ್ಧಾರಗಳನ್ನು ಗೇಲಿ ಮಾಡುವವರಿದ್ದಾರೆ. 1940ರ ಅವರ ಪತ್ರಗಳನ್ನೂ ವರದಿಯನ್ನೂ ಓದಿದರೆ ಅಂಕಿ-ಅಂಶಗಳ ಹೊರತು ಬೇರೇನೂ ಕಾಣುವುದಿಲ್ಲ. 1951ರಲ್ಲಿ ಅವರು ಮ್ಯೂರಿಯಲ್ ವೈಟಿಂಗ್ ಅವರನ್ನು ಮದುವೆಯಾದರು. ಸಸ್ಯಾಹಾರಿಯಾಗಿ, ಪ್ರಾಣಿಗಳ ಮೇಲಿನ ಪ್ರಯೋಗಗಳ ವಿರುದ್ಧ ಲಾರ್ಡ್ಸ್ ಸಭೆಯಲ್ಲಿ ದನಿಯೆತ್ತಿದರು. ಪತ್ನಿ ಮ್ಯೂರಿಯಲ್ 1959ರಲ್ಲಿ ಬ್ಯೂಟಿ ವಿದೌಟ್ ಕ್ರೂಯೆಲ್ಟಿ ಸಂಸ್ಥೆಯನ್ನು ಆರಂಭಿಸಿದರು. ಅದೇ ಹೆಸರಿನ ಭಾರತದ ಸಂಸ್ಥೆ ಪುಣೆಯಲ್ಲಿದೆ.

ಈ ಇತಿಹಾಸಕ್ಕೂ ಕನ್ನಡ ನಾಡಿಗೂ ಏನಾದರೂ ನಂಟಿದೆಯೇ?

ಡೌಡಿಂಗ್ ಅವರಿಗೆ ನೇರ ನಂಟಿಲ್ಲ, ಅವರ ದಳಕ್ಕೆ ಇದೆ. ಹೈದರಾಬಾದಿನ ಹೆಸರು ಹೊತ್ತ 152ನೇ ಸ್ಕ್ವಾಡ್ರನ್ 1940ರಲ್ಲಿ 10ನೇ ಗ್ರೂಪಿನ ವಾರ್ಮ್‌ವೆಲ್ ನಿಲ್ದಾಣದಿಂದ ಸ್ಪಿಟ್‌ಫೈರ್ ಹಾರಿಸಿ ಕದನದಲ್ಲಿ ಹೋರಾಡಿತು. ಆಗ ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳು ನಿಜಾಮರ ಆ ಸಂಸ್ಥಾನಕ್ಕೇ ಸೇರಿದ್ದವು. ಮೈಸೂರು ಸಂಸ್ಥಾನದ ದೇಣಿಗೆಯಿಂದ ಹೆಸರು ಪಡೆದ 129ನೇ ‘ಮೈಸೂರು’ ಸ್ಕ್ವಾಡ್ರನ್ 1941ರ ಜೂನ್‌ನಲ್ಲಿ, ಅಂದರೆ ಡೌಡಿಂಗ್ ಹೋದ ಏಳು ತಿಂಗಳ ನಂತರ, ಅದೇ ಫೈಟರ್ ಕಮಾಂಡ್‌ನಲ್ಲಿ ರಚನೆಯಾಯಿತು. ಅದರ ಲಾಂಛನ ಗಂಡಭೇರುಂಡ.

ಅವರಿಗೆ ಸಂಬಂಧಿಸಿದ ಜಾಗಗಳನ್ನು ಇಂದು ನೋಡಬಹುದೇ?

ನೋಡಬಹುದು. ವಾಯುಪಡೆ 2008ರಲ್ಲಿ ಬೆಂಟ್ಲಿ ಪ್ರಿಯರಿಯನ್ನು ಬಿಟ್ಟಿತು. 2013ರಿಂದ ಅಲ್ಲಿ ವಸ್ತುಸಂಗ್ರಹಾಲಯವಿದೆ. ಬಣ್ಣದ ಗಡಿಯಾರ ಮತ್ತು ನಕ್ಷೆಯ ಮೇಜಿನ ಏರ್ಪಾಡು ಹೇಗಿತ್ತೆಂದು ನೋಡಬೇಕೆನ್ನುವವರು ಅಕ್ಸ್‌ಬ್ರಿಜ್‌ನಲ್ಲಿ ನೆಲದಡಿಯ ಬಂಕರಿಗೆ ಹೋಗುವುದು ಒಳ್ಳೆಯದು. ಪಾರ್ಕ್ ಅವರ 11ನೇ ಗ್ರೂಪಿನ ಈ ಕೋಣೆಯಲ್ಲೇ ಚರ್ಚಿಲ್ ಸೆಪ್ಟೆಂಬರ್ 15ರ ಕದನವನ್ನು ಕುಳಿತು ನೋಡಿದ್ದರು. ಡೌಡಿಂಗ್ 1970ರ ಫೆಬ್ರವರಿ 15ರಂದು ತೀರಿಕೊಂಡರು. ಅವರ ಚಿತಾಭಸ್ಮ ವೆಸ್ಟ್‌ಮಿನ್ಸ್ಟರ್ ಅಬೆಯಲ್ಲಿದೆ. ಲಂಡನ್ನಿನಲ್ಲಿ ವಾಯುಪಡೆಯ ಚರ್ಚ್ ಆದ ಸೇಂಟ್ ಕ್ಲೆಮೆಂಟ್ ಡೇನ್ಸ್ ಎದುರು 1988ರಲ್ಲಿ ಸ್ಥಾಪಿಸಿದ ಅವರ ಪ್ರತಿಮೆಯಿದೆ. ಈ ಎಲ್ಲ ಕಡೆ ಬಸ್ಸು, ರೈಲಿನಲ್ಲಿ ಹೋಗಬಹುದು. ಬೆಂಟ್ಲಿ ಪ್ರಿಯರಿ ವಾರದ ಎಲ್ಲ ದಿನ ತೆರೆದಿರುವುದಿಲ್ಲವಾದ್ದರಿಂದ ಮೊದಲೇ ವಿಚಾರಿಸಿಕೊಂಡು ಹೊರಡುವುದು ಲೇಸು.